ಹಗೇವಿಗೆ ಇಳಿಸಿದ ದೀಪ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ನೆಲದ ಕೆಳಗಿತ್ತು. ಮೇಲೆ ಇದ್ದದ್ದು ಒಂದು ಪಡಸಾಲೆ, ಒಂದು ನಡುಮನೆ, ಅದರ ಮೂಲೆಯಲ್ಲಿ ದೇವರ ಗೂಡು, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಅಷ್ಟೇ. ಅಂಗಳದ ನಡುವೆ ಒಂದು ಚಪ್ಪಡಿ ಕಲ್ಲಿತ್ತು. ಬಿಸಿಲು ಇಳಿದ ಮೇಲೆ ಅದರ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದೆ. ಆ ಕಲ್ಲಿನ ಕೆಳಗೆ ಹಗೇವು. ಬಾಯಿ ಒಬ್ಬ ಮನುಷ್ಯ ತೂರುವಷ್ಟು ಮಾತ್ರ, ಹೊಟ್ಟೆ ಎರಡಾಳು ಆಳ. ಒಳಗೋಡೆಗೆ ರಾಗಿ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಎಷ್ಟೋ ವರ್ಷ ಬಿಟ್ಟು ತೆಗೆದರೂ ಕಾಳು ಕೆಡುವುದಿಲ್ಲ. ನಮ್ಮದನ್ನು ಮುಚ್ಚಿದ್ದು ನಾನು ಹುಟ್ಟುವುದಕ್ಕೆ ಮುಂಚೆ. ಅದರೊಳಗಿನ ರಾಗಿಯನ್ನು ನಾನು ಕಣ್ಣಲ್ಲಿ ಕಂಡಿರಲಿಲ್ಲ. ಆದರೆ ಆ ಮಾತನ್ನು ಬೀದಿಯಲ್ಲಿ ಆಡಬಾರದು ಅನ್ನುವುದು ನನಗೆ ನನ್ನ ಹೆಸರಿಗಿಂತ ಮೊದಲು ಕಲಿಸಿದ ಪಾಠ. ಯಾರಾದರೂ ಕೇಳಿದರೆ ಅದು ಬಟ್ಟೆ ಒಗೆಯುವ ಕಲ್ಲು. ಯಾರೂ ಅಲ್ಲಿ ಬಟ್ಟೆ ಒಗೆದದ್ದಿಲ್ಲ. ಹಾಗಾಗಿ ಯಾರೂ ಆ ಮಾತನ್ನು ನಂಬುತ್ತಲೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಅಜ್ಜಿ ಪುಟ್ಟೀರಮ್ಮನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಜಾತಿ. ಕಾಗದ ಇಟ್ಟುಕೊಂಡು ಬರುವವರು, ಬರಿಗೈಯಲ್ಲಿ ಬರುವವರು. ಮೊದಲನೆಯವರನ್ನು ನಂಬುವ ಹಾಗೇ ಇಲ್ಲ, ಎರಡನೆಯವರನ್ನು ಮೊದಲನೆಯವರು ಕಳಿಸಿರಬಹುದು. ನೆಂಟರ ಮನೆಯಿಂದ ಮದುವೆಯ ಓಲೆ ಬಂದರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಳ್ಳೇ ಸುದ್ದಿಯಾಗಿದ್ದರೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು, ಬರೆದಿದ್ದಾರೆ ಅಂದ ಮೇಲೆ ಏನೋ ಇದೆ ಅನ್ನುತ್ತಿದ್ದಳು. ಮಿಡಿಗೇಶಿ ಕಡೆಯಿಂದ ಬರುವ ದಾರಿ ನಮ್ಮ ಜಗಲಿಗೆ ಕಾಣುತ್ತಿತ್ತು. ಆ ದಾರಿಯಲ್ಲಿ ತಲೆಯ ಮೇಲೆ ಟೋಪಿಯೋ ಕಂಕುಳಲ್ಲಿ ಪುಸ್ತಕವೋ ಕಂಡರೆ ಸಾಕು, ಅಜ್ಜಿ ಒಳಗೆ ಹೋಗಿ ಶಿವಪೂಜೆಗೆ ಕೂತುಬಿಡುತ್ತಿದ್ದಳು. ಬೆಳಿಗ್ಗೆ ಒಂದು ಸಲ ಮುಗಿದಿದ್ದರೂ ಇನ್ನೊಂದು ಸಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವಳನ್ನು ಮಾತಾಡಿಸುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ಪಡಸಾಲೆಯಲ್ಲಿ ಸರ್ಕಾರದವರಿಗೆಂದೇ ಒಂದು ಹುರಿಮಂಚ ಹಾಕಿರುತ್ತಿತ್ತು. ಅದರ ತಿಗಣೆಗಳನ್ನು ಅಜ್ಜಿ ಬಿಸಿನೀರು ಹೊಯ್ದು ಕೊಲ್ಲಲು ಯಾವತ್ತೂ ಬಿಡಲಿಲ್ಲ.

"ಸರ್ಕಾರದೋರ್ಗೆ ಇಲ್ಲ ಅನ್ಬಾರ್ದು ಕಣೇ. ಇಲ್ಲ ಅಂದ್ರೆ ಬರ್ಕಂತಾರೆ. ಹೂಂ ಅನ್ನು. ಹೂಂ ಅಂದು ಕೂರ್ಸು. ಕೂತೋನು ಎಷ್ಟೊತ್ತು ಕೂತಾನು?"

ಅವಳ ಈ ವಿದ್ಯೆಗೆ ಸುತ್ತ ನಾಲ್ಕೂರಿನಲ್ಲಿ ಹೆಸರಿತ್ತು. ಹೆಬ್ಬೆಟ್ಟು ಒತ್ತಿಸಲು ಯಾರಾದರೂ ಬಂದರೆ ಅಡುಗೆಮನೆಗೆ ಹೋಗಿ ಬೆರಳಿಗೆ ಹರಳೆಣ್ಣೆ ಸವರಿಕೊಂಡು ಬರುತ್ತಿದ್ದಳು. ಶಾಯಿ ನಿಲ್ಲುತ್ತಿರಲಿಲ್ಲ. ಒತ್ತಿದ ಕಡೆಯಲ್ಲೆಲ್ಲ ಕಾಗದದ ಮೇಲೆ ಒಂದು ಜಿಡ್ಡಿನ ಕಲೆ ಮಾತ್ರ ಉಳಿಯುತ್ತಿತ್ತು. ರಾಗಿ ಬೀಸಿ ಬೀಸಿ ಗೆರೆಯೆಲ್ಲ ಸವೆದೋಗವೆ ಸೋಮಿ ಅಂತ ಅಂಗೈ ಚಾಚಿ ತೋರಿಸುವಳು. ಜನ ಎಣಿಸಲು ಬಂದವನೊಬ್ಬ ಯಜಮಾನರ ಹೆಸರೇನು ಅಂತ ಕೇಳಿದ. ಗಂಡನ ಹೆಸರು ಹೇಳುವುದುಂಟೆ? ಊರ ಮುಂದಿನ ಗುಡಿಯ ದೇವರ ಹೆಸರೇ, ಸೋಮಿ, ಅಂದಳು. ಅವನು ಅರ್ಧ ಮೈಲಿ ನಡೆದು ಗುಡಿಗೆ ಹೋಗಿ ಬಂದ. ಅಲ್ಲಿ ಮೂರು ದೇವರಿದ್ದವು. ಅಪ್ಪನಿಗೆ ಮಾತ್ರ ಇದೆಲ್ಲ ಸೇರುತ್ತಿರಲಿಲ್ಲ. ಅವನು ನಾಲ್ಕಕ್ಷರ ಓದಿದವನು, ಮಧುಗಿರಿಯ ಕಚೇರಿ ಕಂಡವನು, ಅಚ್ಚಾದ ಕಾಗದದ ಮುಂದೆ ಅವನ ಬೆನ್ನು ತಾನಾಗಿ ಬಗ್ಗುತ್ತಿತ್ತು. ಅಧಿಕಾರಿಗಳು ಬಂದ ದಿನ ಹೊಲದಲ್ಲಿ ಕೆಲಸವಿದೆ ಅಂತ ಹೋಗಿಬಿಡುತ್ತಿದ್ದ. ನಾನಂತೂ ಅಜ್ಜಿಯ ಕಡೆ. ಪ್ರಶ್ನೆ ಕೇಳಿದವರಿಗೆ ಇನ್ನೊಂದು ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಅವಳಿಂದ. ಇವತ್ತಿಗೂ ಮನೆ ಬಾಗಿಲಿಗೆ ಯಾರಾದರೂ ಬಂದು ಅಮ್ಮಾ ಎಷ್ಟು ಜನ ಇದ್ದೀರಿ ಅಂದರೆ ಯಾಕಪ್ಪಾ ಅಂತಲೇ ನನ್ನ ಬಾಯಿಗೆ ಬರುತ್ತದೆ. ನನ್ನ ಸೊಸೆಗೆ ಇದರಿಂದ ನಾಚಿಕೆಯಾಗುತ್ತದೆ.

ಯುದ್ಧದ ಕಾಲ ಬಂತು. ಯುದ್ಧ ಎಲ್ಲಿ ನಡೆಯುತ್ತಿತ್ತೋ ನಮಗೆ ತಿಳಿಯದು, ಆದರೆ ಅದಕ್ಕೆ ರಾಗಿ ಬೇಕಾಗಿತ್ತು ಅನ್ನುವುದು ಮಾತ್ರ ತಿಳಿಯಿತು. ಮನೆಯ ತಲೆಯ ಲೆಕ್ಕಕ್ಕೆ ಇಷ್ಟು ಅಂತ ಬಿಟ್ಟು ಮಿಕ್ಕಿದ್ದನ್ನು ಸರ್ಕಾರಿ ಡಿಪೋಗೆ ಹಾಕಬೇಕು. ಅದಕ್ಕೆ ಲೆವಿ ಅಂತ ಹೆಸರು. ಮನೆಮನೆಯ ರಾಗಿ ಅಳೆಯಲು ಒಬ್ಬ ಇನ್ಸ್‌ಪೆಕ್ಟರು ಬೈಸಿಕಲ್ ಮೇಲೆ ಬಂದರು. ತೆಳ್ಳಗೆ, ಬೆಳ್ಳಗೆ, ಯಾವುದೋ ಅಕ್ಕಿ ಉಣ್ಣುವ ಸೀಮೆಯವರು. ಅವರ ಕೈಚೀಲ ಹೊತ್ತುಕೊಂಡು ಮನೆ ತೋರಿಸುತ್ತಾ ಬಂದವನು ಊರ ತಳವಾರ ಓಬಳ. ಅಧಿಕಾರಿಗಳು ಬಂದರೆ ಅವರ ಜೊತೆ ತಿರುಗುವುದು ಅವನ ಪಾಲಿಗೆ ಬಂದ ಚಾಕರಿ. ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷದ ಹುಡುಗ. ನಾನು ಅಂಬೆಗಾಲಿಡುತ್ತಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾವಿಯ ತನಕ ಹೋಗುತ್ತಿದ್ದನಂತೆ. ಇನ್ಸ್‌ಪೆಕ್ಟರು ಜಗಲಿ ಹತ್ತಲಿಲ್ಲ. ನೆಟ್ಟಗೆ ಅಂಗಳಕ್ಕೆ ಬಂದು ಚಪ್ಪಡಿಯ ಮೇಲೆ ಬೂಟುಗಾಲಿಟ್ಟು ನಿಂತರು.

"ಅಜ್ಜೀ, ಇದು ಹಗೇವು. ಇದರೊಳಗೆ ರಾಗಿ ಇದೆ. ತೆಗೆಸಿ, ನಾನು ಅಳತೆ ನೋಡಬೇಕು."

ಪೂಜೆಗೆ ಓಡಲೂ ಹೊತ್ತು ಸಿಕ್ಕಿರಲಿಲ್ಲ. ಆದರೂ ಅಜ್ಜಿ ಇಲ್ಲ ಅನ್ನಲಿಲ್ಲ.

"ಅದುಕ್ಕೇನು ಸೋಮಿ, ತೆಗ್ಸಾಣ. ನಮ್ಮತ್ತೆ ಕಾಲ್ದಾಗೆ ಮುಚ್ಚಿದ್ದು. ರಾಗಿ ಐತೋ ಇಲಿ ಐತೋ, ನಾನೂ ನೋಡ್ದಂಗಾಯ್ತದೆ."

ಹೀಗೆ ಅನ್ನುತ್ತಾ ಅವಳು ನೋಡಿದ್ದು ಇನ್ಸ್‌ಪೆಕ್ಟರನ್ನಲ್ಲ, ಓಬಳನನ್ನು. ಅಡುಗೆಮನೆಗೆ ಬಂದವಳೇ ನನ್ನವ್ವನ ಕಿವಿಯಲ್ಲಿ ಅಂದಳು.

"ಇವ್ನೇ ಕಣೇ ಹೇಳಿರೋದು. ಇಲ್ದಿದ್ರೆ ಕಲ್ಲಿನ್ ಮ್ಯಾಲೆ ಸರ್ಯಾಗಿ ಬಂದು ಕಾಲಿಡ್ತಿದ್ನಾ ಆ ಯಪ್ಪ? ನಮ್ಮನೆ ಮುದ್ದೆ ಉಂಡು ನಮ್ಮ ಬಾಯ್ಗೇ ಮಣ್ಣು ಹಾಕ್ದ."

ಹಗೇವು ತೆಗೆಯುವುದಕ್ಕೆ ಒಂದು ಶಾಸ್ತ್ರವಿದೆ, ಅದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಕಾವು ಕೂತಿರುತ್ತದೆ, ಕೆಟ್ಟ ಗಾಳಿ ಕೂತಿರುತ್ತದೆ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯಬಾರದು. ಹಗಲೂ ರಾತ್ರಿ ಬಾಯಿ ತೆರೆದು ಬಿಡಬೇಕು. ಆಮೇಲೆ ಒಂದು ಬುಟ್ಟಿಯಲ್ಲಿ ಹಚ್ಚಿದ ಹಣತೆ ಇಟ್ಟು ಹಗ್ಗದಲ್ಲಿ ಕೆಳಗೆ ಬಿಡಬೇಕು. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಮತ್ತೆ ಕಾಯಬೇಕು. ಇದನ್ನೆಲ್ಲ ಅಜ್ಜಿ ಕಣ್ಣಗಲಿಸಿ ವಿವರಿಸಿದಳು, ಓಬಳ ನಿಜ ಸೋಮಿ ಅಂತ ತಲೆಯಾಡಿಸಿದ. ಇನ್ಸ್‌ಪೆಕ್ಟರು ಸರಿ ಅಂದರು. ಆಗಲೇ ಅಜ್ಜಿಯ ತಲೆಯಲ್ಲಿ ದಾರಿ ಹೊಳೆದಿತ್ತು. ನನ್ನನ್ನು ಬಚ್ಚಲಿಗೆ ಕರೆದು ತೆಂಗಿನ ಚಿಪ್ಪಿನಲ್ಲಿ ಉಪ್ಪುನೀರು ಕದಡಿ ಕೊಟ್ಟಳು. ಬತ್ತಿಯ ಬುಡವೆಲ್ಲ ಇದರಲ್ಲಿ ನೆನೆಯಬೇಕು, ತುದಿಗೆ ಮಾತ್ರ ಎಣ್ಣೆ. ಹಚ್ಚಿದಾಗ ಜೋರಾಗಿ ಹತ್ತಿಕೊಳ್ಳುತ್ತದೆ, ಬುಟ್ಟಿ ಕೆಳಗೆ ಹೋಗುವ ಹೊತ್ತಿಗೆ ಚಟಚಟ ಅಂದು ಆರುತ್ತದೆ. ದಿನಾ ದೀಪ ಆರಿದರೆ ದಿನಾ ನಾಳೆ. ಅಳೆಯುವವನಿಗೆ ಬೇರೆ ಊರುಗಳೂ ಇವೆ, ಎಷ್ಟು ದಿನ ಇಲ್ಲೇ ಕೂತಾನು? ಬತ್ತಿಯ ಜವಾಬ್ದಾರಿ ನಿಂದು ಕಣೇ ಅಂದಳು. ನನಗೆ ಅವತ್ತು ಎಷ್ಟು ಹೆಮ್ಮೆಯಾಗಿತ್ತೆಂದರೆ ಊಟ ಸೇರಲಿಲ್ಲ.

ಮೊದಲನೆಯ ದಿನ ಸೋಮವಾರ, ಅಜ್ಜಿಯ ಪೂಜೆ ಮಧ್ಯಾಹ್ನದ ತನಕ ನಡೆಯಿತು. ಆಮೇಲೆ ಕಲ್ಲು ಸರಿಸಿದರು, ದೀಪ ಇಳಿಸಿದರು, ಆರಿತು. ಸಂಜೆಯಾಗುತ್ತಲೂ ಹಗೇವನ್ನು ಏನು ಮಾಡುವುದು ಅನ್ನುವ ಮಾತು ಬಂತು. ರಾತ್ರಿಯೆಲ್ಲ ತೆರೆದಿಟ್ಟರೆ ಈ ಮನೆಯವರು ರಾಗಿ ಸಾಗಿಸಿಬಿಡುತ್ತಾರೆ ಅಂತ ಇನ್ಸ್‌ಪೆಕ್ಟರಿಗೆ ಅನುಮಾನ. ತೆರೆದಿಟ್ಟರೆ ಸರ್ಕಾರದವರೇ ಜನ ಬಿಟ್ಟು ಎತ್ತಿಸಿ ಆಮೇಲೆ ನಮ್ಮ ತಲೆಗೆ ಕಟ್ಟುತ್ತಾರೆ ಅಂತ ಅಜ್ಜಿಗೆ ಅನುಮಾನ. ಆ ಒಂದು ವಿಷಯದಲ್ಲಿ ಇಬ್ಬರೂ ಒಂದಾದರು. ಚಪ್ಪಡಿ ಎಳೆದು, ಸುತ್ತ ಮಣ್ಣು ಮೆತ್ತಿಸಿ, ಹಸಿ ಮಣ್ಣಿನ ಮೇಲೆ ಇನ್ಸ್‌ಪೆಕ್ಟರು ಹಿತ್ತಾಳೆಯ ಮುದ್ರೆ ಒತ್ತಿ ಮಲಗಲು ಚಾವಡಿಗೆ ಹೋದರು. ಎರಡನೆಯ ದಿನವೂ ಹಾಗೇ ಆಯಿತು. ಮುದ್ರೆ ಒಡೆದರು, ದೀಪ ಇಳಿಸಿದರು, ಆರಿತು, ಸಂಜೆ ಮತ್ತೆ ಮಣ್ಣು, ಮತ್ತೆ ಮುದ್ರೆ. ಊಟಕ್ಕೆ ಅವರಿಗೆ ಬಡವರುಣ್ಣುವ ಒರಟು ಕಾಳು, ಹಾರಕದ ಅನ್ನ. ಈ ಮನೆಯಲ್ಲಿ ರಾಗಿ ಮುಖ ಕಂಡು ತಿಂಗಳಾಯ್ತು ಅಂತ ತೋರಿಸಬೇಕಲ್ಲ, ನಾವೂ ಅದನ್ನೇ ಉಂಡೆವು. ನೋಡಲು ಬಂದವರು ಬೇಲಿಯಾಚೆ ಬಾಯಿಗೆ ಬಟ್ಟೆ ಮುಚ್ಚಿಕೊಂಡು ನಗುತ್ತಿದ್ದರು. ಇನ್ಸ್‌ಪೆಕ್ಟರು ಮಂಚದ ಮೇಲೆ ಬೆನ್ನು ಕೆರೆದುಕೊಳ್ಳುತ್ತಾ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಬಳೆಗಾರ ಬಂದ. ಅವನು ವರ್ಷಕ್ಕೆ ಎರಡೇ ಸಲ ಬರುತ್ತಿದ್ದದ್ದು. ನಾನು ಎದುರು ಮನೆಯ ಜಗಲಿಯಲ್ಲಿ ಕೈ ಚಾಚಿ ಕೂತವಳು ಹಸಿರು ಬಳೆಯೋ ಕೆಂಪು ಬಳೆಯೋ ಅನ್ನುವುದರಲ್ಲಿ ಲೋಕ ಮರೆತೆ. ಅಜ್ಜಿ ಕೂಗಿದಾಗ ಎದ್ದು ಓಡಿದೆ. ಬಚ್ಚಲಲ್ಲಿ ಚಿಪ್ಪು ಬರಿದಾಗಿ ಬಿದ್ದಿತ್ತು, ಬತ್ತಿ ನೆನೆಸಿರಲಿಲ್ಲ. ಹೇಳಿದರೆ ಬೈಗಳು, ಬಳೆಯೂ ಒಡೆದು ಹೋಗಬಹುದು. ದೇವರ ಗೂಡಿನಿಂದ ಒಣ ಬತ್ತಿಯೊಂದನ್ನು ತೆಗೆದು ಎಣ್ಣೆಯಲ್ಲಿ ಅದ್ದಿ ಹಣತೆಯಲ್ಲಿ ಇಟ್ಟು ಕೊಟ್ಟುಬಿಟ್ಟೆ. ಬುಟ್ಟಿ ಇಳಿಯಿತು. ದೀಪ ಚೆನ್ನಾಗಿ ಉರಿಯುತ್ತಾ ಹೋಗುವುದನ್ನು ಬಾಗಿ ನೋಡಿದೆ, ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ. ಒಂದಾಳು ಆಳಕ್ಕೆ ಹೋಗುತ್ತಲೇ ಅದು ಒಂದು ಸಲ ಕುಗ್ಗಿ ಆರಿತು. ಚಟಚಟ ಸದ್ದಿಲ್ಲ, ಏನಿಲ್ಲ. ಅಜ್ಜಿ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು. ನನಗೆ ಮೊದಲು ಬಂದದ್ದು ಬದುಕಿಕೊಂಡೆ ಅನ್ನುವ ನೆಮ್ಮದಿ. ಅದನ್ನು ಮುಚ್ಚಿಟ್ಟು ಬರೆದರೆ ಈ ಅಧ್ಯಾಯ ಬರೆದೂ ಪ್ರಯೋಜನವಿಲ್ಲ.

ಇನ್ಸ್‌ಪೆಕ್ಟರ ತಾಳ್ಮೆ ಅವತ್ತು ಮುಗಿಯಿತು.

"ಏನಜ್ಜೀ, ನಿಮ್ಮ ದೇವರ ಮುಂದಿನ ದೀಪ ಮೂರು ದಿನದಿಂದ ಆರಿದ್ದು ನಾನು ನೋಡಲಿಲ್ಲ. ಈ ದೀಪ ಮಾತ್ರ ದಿನಾ ಆರತ್ತೆ. ನಾನೇನು ಮಗುವಾ? ಲೋ ಓಬಳ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿ."

ಓಬಳ ಇನ್ಸ್‌ಪೆಕ್ಟರ ಮುಖ ನೋಡಲಿಲ್ಲ, ಅಜ್ಜಿಯ ಮುಖ ನೋಡಿದ. ಬೇಡ ಅಂದರೆ ಅವನು ಇಳಿಯುತ್ತಿರಲಿಲ್ಲ. ಅಷ್ಟು ನನಗೆ ಗೊತ್ತು. ಅಜ್ಜಿಗೆ ತನ್ನ ಆಟ ಬಯಲಾಯಿತು, ರಾಗಿ ಹೋಯಿತು ಅನ್ನುವುದು ತಿಳಿದುಹೋಗಿತ್ತು. ದೀಪ ಆರಿದ್ದು ಉಪ್ಪುನೀರಿನಿಂದ, ಗುಂಡಿಯಲ್ಲಿ ಇನ್ನೇನೂ ಇಲ್ಲ, ಮೂರು ದಿನದಿಂದ ಬಾಯಿ ತೆಗೆದಿದೆಯಲ್ಲ ಅಂತಲೇ ಅವಳು ನಂಬಿದ್ದಳು. ಪ್ರತಿ ಸಂಜೆ ತಾನೇ ನಿಂತು ಮಣ್ಣು ಮೆತ್ತಿಸಿದ್ದು ಅವಳಿಗೆ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಶಾಸ್ತ್ರವನ್ನು ಮೂರು ದಿನ ಸುಳ್ಳಿಗೆ ಬಳಸಿ ಬಳಸಿ ಅದು ಸುಳ್ಳೇ ಅನ್ನಿಸಿಬಿಟ್ಟಿತ್ತು. ಸಿಟ್ಟೆಲ್ಲ ಓಬಳನ ಮೇಲೆ ತಿರುಗಿತು.

"ಇಳೀಲಿ ಬುಡಿ ಸೋಮಿ. ರಾಗಿ ಐತೆ ಅಂತ ಹೇಳಿಕೊಟ್ಟೋನೇ ಇಳ್ದು ತೋರಿಸ್ಲಿ."

ಓಬಳ ಹಗ್ಗ ಬಿಗಿದುಕೊಂಡು, ಅಂಚಿನ ಕಲ್ಲು ಹಿಡಿದು ಕಾಲು ಬಿಟ್ಟ. ನೋಡಲು ಬಂದವರಲ್ಲಿ ಮೂವರು ಮೇಲೆ ಹಗ್ಗ ಹಿಡಿದಿದ್ದರು. ಬತ್ತಿ ಒಣಗಿತ್ತು ಅನ್ನುವುದು ಆ ಅಂಗಳದಲ್ಲಿ ನನಗೊಬ್ಬಳಿಗೇ ಗೊತ್ತು. ಒಣ ಬತ್ತಿ ಆರಿದರೆ ಏನರ್ಥ ಅನ್ನುವುದೂ ಗೊತ್ತು, ಅಜ್ಜಿ ವಿವರಿಸಿದಾಗ ನಾನೂ ಕೇಳಿದ್ದೆ. ಆದರೆ ಬಾಯಿ ಬಿಟ್ಟರೆ ಬಳೆಯ ಸುದ್ದಿ ಹೊರಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾಗದ ಹಿಡಿದವರ ಎದುರಿಗೆ ಮನೆಯ ಗುಟ್ಟು ಆಡಿದಂತಾಗುತ್ತದೆ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಓಬಳನ ತಲೆ ಕತ್ತಲೆಯೊಳಗೆ ಹೋಯಿತು. ರಾಗಿ ಎಲ್ಲಿ ತನಕ ಇದೆ ಅಂತ ಇನ್ಸ್‌ಪೆಕ್ಟರು ಕೂಗಿದರು. ಎದೆಮಟ್ಟ ಐತೆ ಸೋಮಿ ಅಂತ ಕೆಳಗಿನಿಂದ ದನಿ ಬಂತು. ಮತ್ತೆ ಕೂಗಿದರು. ಈ ಸಲ ಏನೂ ಬರಲಿಲ್ಲ.

"ಬೇಕಂತ ಸುಮ್ಕಿದಾನೆ. ನಾಟ್ಕ ಆಡ್ತಾನೆ, ನೋಡ್ತಿರಿ," ಅಂದಳು ಅಜ್ಜಿ.

ಹಗ್ಗ ಸಡಿಲವಾಗಿತ್ತು. ಆಗ ನಾನು ಕಿರುಚಿದೆ.

"ಅಜ್ಜೀ, ಬತ್ತಿ ಒಣಗಿತ್ತು! ನಾನು ನೆನೆಸ್ಲಿಲ್ಲ! ಇವತ್ತು ಒಣಗಿತ್ತು!"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು. ಎಳೀರ್ಲಾ, ಎಳೀರ್ಲಾ ಅಂತ ಕೂಗುತ್ತಾ ತಾನೇ ಹೋಗಿ ಹಗ್ಗಕ್ಕೆ ಕೈಹಾಕಿದಳು. ಇನ್ಸ್‌ಪೆಕ್ಟರೂ ಹಾಕಿದರು. ಓಬಳ ಮೇಲೆ ಬಂದಾಗ ಅವನ ಕುತ್ತಿಗೆ ಒಂದು ಕಡೆಗೆ ವಾಲಿತ್ತು, ಮೂಗು ಬಾಯಿಯಲ್ಲೆಲ್ಲ ರಾಗಿ ಕಾಳು ಅಂಟಿತ್ತು. ಹೊಂಗೆ ಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರೆರಚಿದರು, ಕಂಬಳಿಯಿಂದ ಗಾಳಿ ಬೀಸಿದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಅಷ್ಟರಲ್ಲಿ ಅವನ ತಾಯಿ ತಿಮ್ಮಕ್ಕ ಓಡಿ ಬಂದಳು. ಅವರ ಮನೆಮಾತು ತೆಲುಗು. ನಾ ಕೊಡುಕಾ, ನಾ ಕೊಡುಕಾ ಅಂತ ಮಗನನ್ನು ಕರೆಯುತ್ತಾ ಎದೆ ಬಡಿದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಓಬಳ ಕೆಮ್ಮಿದ. ಆಮೇಲೆ ವಾಂತಿ ಮಾಡಿಕೊಂಡ. ಕೈಕಾಲು ಎತ್ತಲಾಗದೆ ಬಿದ್ದುಕೊಂಡಿದ್ದ, ಆದರೆ ಕಣ್ಣು ಬಿಟ್ಟಿದ್ದ. ಇನ್ಸ್‌ಪೆಕ್ಟರು ಜಗಲಿಯ ಮೇಲೆ ಕುಸಿದು ಕೂತರು.

"ನೀವೇ ಇಳೀಲಿ ಅಂದಿರಿ ಅಜ್ಜಿ. ಎಲ್ಲರೂ ಕೇಳಿದ್ದಾರೆ."

"ಇಳಿ ಅಂದಿದ್ದು ನೀವು ಸೋಮಿ. ಅದ್ನೂ ಎಲ್ರೂ ಕೇಳವ್ರೆ."

ವರದಿ ಬರೆಯಬೇಕೆಂದರೆ ದೀಪದ ಮೋಸವನ್ನು ಬರೆಯಬೇಕು, ಬರೆದರೆ ಆರಿದ ದೀಪದ ಮೇಲೆ ಮನುಷ್ಯನನ್ನು ಇಳಿಸಿದ್ದೂ ಬರುತ್ತದೆ. ಇನ್ಸ್‌ಪೆಕ್ಟರು ಪುಸ್ತಕ ತೆಗೆಯಲೇ ಇಲ್ಲ. ಊಟಕ್ಕೂ ನಿಲ್ಲದೆ ಬೈಸಿಕಲ್ ತಳ್ಳಿಕೊಂಡು ಹೋದವರು ನಮ್ಮೂರಿಗೆ ಮತ್ತೆ ಬರಲಿಲ್ಲ. ನಮ್ಮ ರಾಗಿ ಒಂದು ಕಾಳೂ ಡಿಪೋಗೆ ಹೋಗಲಿಲ್ಲ. ಪುಟ್ಟೀರಮ್ಮ ಸರ್ಕಾರವನ್ನೇ ಗೆದ್ದಳು ಅಂತ ಊರು ನಕ್ಕಿತು. ಈಗಲೂ ಆ ಕಡೆಯ ಮುದುಕರು ಇದನ್ನು ನಗೆಯ ಕತೆಯಾಗಿಯೇ ಹೇಳುತ್ತಾರೆ, ಓಬಳ ಬರುವ ಭಾಗವನ್ನು ಬಿಟ್ಟು. ನನಗೆ ಆ ಕತೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಮೋಸ ಮಾಡದೆ ಸುಮ್ಮನಿದ್ದಿದ್ದರೂ ಮೂರು ದಿನವೂ ದೀಪ ನಮ್ಮ ಉಪ್ಪುನೀರಿಲ್ಲದೆ ತಾನಾಗಿಯೇ ಆರುತ್ತಿತ್ತು.

ಅವತ್ತು ಇಳಿಹೊತ್ತಿಗೆ ಅಪ್ಪ ಹೊಲದಿಂದ ಬಂದ. ಸುದ್ದಿ ದಾರಿಯಲ್ಲೇ ತಿಳಿದಿತ್ತು. ಕಾಲು ಕೂಡ ತೊಳೆಯದೆ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಮಾಡಿದ್ದುಣ್ಣೋ ಮಾರಾಯ, ಹೇಳ್ಕೊಟ್ಟೋನು ಉಂಡ ಅಂತ ಗೊಣಗುತ್ತಿದ್ದಳು, ಆದರೆ ದನಿಯಲ್ಲಿ ಜೋರಿರಲಿಲ್ಲ.

"ಓಬ್ಳ ಅಲ್ಲ ಕಣವ್ವ," ಅಂದ ಅಪ್ಪ. "ಮಧುಗಿರೀಲಿ ಫಾರಂ ಕೊಟ್ರು. ಹಗೇವು ಐತಾ, ಎಲ್ಲೈತೆ ಅಂತ ಕೇಳಿತ್ತು. ಕೆಳ್ಗೆ ರುಜು ಹಾಕ್ಬೇಕಿತ್ತು. ಸುಳ್ಳು ಬರ್ಯಾಕೆ ನಂಗೆ ಕೈ ಬರ್ಲಿಲ್ಲ."

ಅಜ್ಜಿ ಅಪ್ಪನನ್ನು ಬೈಯುತ್ತಾಳೆ ಅಂತ ನಾನು ಕಾದೆ. ಅವಳು ಬೈಯಲಿಲ್ಲ. ಎದ್ದು, ಇಷ್ಟು ದಿನ ಬಚ್ಚಿಟ್ಟಿದ್ದ ಮಡಕೆಯಿಂದ ಮೊರದ ತುಂಬ ರಾಗಿ ಸುರಿದುಕೊಂಡು, ಬಾರೇ ಅಂತ ನನ್ನನ್ನು ಕರೆದಳು. ಓಬಳನ ಗುಡಿಸಲಿದ್ದ ಕೇರಿಗೆ ಅವಳು ಕಾಲಿಟ್ಟದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ದಾರಿಯುದ್ದಕ್ಕೂ ಜನ ಎದ್ದು ನಿಂತು ನೋಡಿದರು. ಇನ್ನೂ ಬಿಸಿಲಿತ್ತು. ಓಬಳ ಗುಡಿಸಲ ಮುಂದೆ ಚಾಪೆಯ ಮೇಲೆ ಒರಗಿದ್ದ, ತಿಮ್ಮಕ್ಕ ಅವನ ಪಾದ ಉಜ್ಜುತ್ತಿದ್ದಳು. ಅಜ್ಜಿ ಮೊರ ಕೆಳಗಿಟ್ಟಳು.

"ನೀನು ಹೇಳಿಲ್ಲ ಅಂತ ಗೊತ್ತಾಯ್ತು ಕಣ್ಲಾ."

"ಕೇಳಿದ್ರು ಅಮ್ಮೋರೆ. ನಂಗೇನೂ ತಿಳೀದು ಅಂದೆ," ಅಂದ ಓಬಳ. "ಅವತ್ತೇ ನಿಮ್ಗೆ ಹೇಳಾನ ಅಂದ್ರೆ ನೀವು ನನ್ನ ಮಾತಾಡಿಸ್ಲೇ ಇಲ್ಲ."

ಅಜ್ಜಿ ಮೊರವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು. ತಿಮ್ಮಕ್ಕ ರಾಗಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನು. ಮಗನ ಪಾದ ಬಿಟ್ಟು, ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಮಗನನ್ನು ಉಳಿಸಿದವಳು ಅಂತ ಮುದ್ದು ಮಾಡುತ್ತಾಳೆ ಅಂದುಕೊಂಡೆ.

"ಬಂಗಾರು, ದೀಪ ಆರ್ದಾಗ್ಲೇ ನಿಂಗೆ ಗೊತ್ತಿತ್ತಲ್ಲವ್ವ. ಆವಾಗ್ಲೇ ಯಾಕೆ ಹೇಳ್ಲಿಲ್ಲ?"

ನಾನು ಕೈ ಬಿಡಿಸಿಕೊಂಡು ಅಜ್ಜಿಯ ಸೆರಗಿನ ಮರೆಗೆ ಸರಿದೆ. ಅಜ್ಜಿ ಸೆರಗನ್ನು ಎಳೆದುಕೊಂಡು ಪಕ್ಕಕ್ಕೆ ನಿಂತಳು. ತಿಮ್ಮಕ್ಕ ಕಾಯುತ್ತಿದ್ದಳು, ಓಬಳನೂ ನನ್ನ ಕಡೆ ನೋಡುತ್ತಿದ್ದ.

"ಅಜ್ಜಿ ಬೈತಾಳೆ ಅಂತ," ಅಂದೆ.

"ಅಷ್ಟಕ್ಕಾ?" ಅಂದಳು ತಿಮ್ಮಕ್ಕ.